ಐದು ಎಕರೆಯ ವಿವೇಕ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಎಂಬ ಹೆಸರನ್ನು ಬಿಡಿಸಿ ಓದಿದರೆ ಅದರಲ್ಲಿ ಮೂರು ಮಾತುಗಳು ದೊರೆಯುತ್ತವೆ. ಕಟ್ಟೆ ಎಂಬುದು ಲಕ್ಷ್ಮಣತೀರ್ಥ ನದಿಗೆ ಅಡ್ಡಲಾಗಿ ಅಲ್ಲಿ ನಿಂತಿರುವ ಅಣೆಕಟ್ಟೆಯನ್ನು ನೆನಪಿಗೆ ತರುತ್ತದೆ; ಮಳಲು ಎಂಬುದು ಮರಳಿಗೆ ಹಳಗನ್ನಡದಿಂದ ಬಂದ ಹೆಸರು; ವಾಡಿ ಎಂದರೆ ಜನ ನೆಲೆಗೊಂಡ ಠಾವು. ಈ ಹೆಸರನ್ನು ಯಾರು, ಯಾವ ಕಾಲದಲ್ಲಿ, ಯಾವ ಅಭಿಪ್ರಾಯದಿಂದ ಇಟ್ಟರೆಂಬುದು ಬೇರೆಯ ವಿಚಾರ. ಇಂದಿನ ಓದುಗನ ಕಿವಿಗೆ ಮಾತ್ರ ಅದು ಆ ನೆಲದ ವರ್ಣನೆಯಂತೆಯೇ ಕೇಳಿಸುತ್ತದೆ. ಇಲ್ಲಿ ಹೊಳೆಯಿದೆ, ಹೊಳೆ ಹರಡಿ ಮರಳು ಬಿಟ್ಟ ದಡವಿದೆ, ಹೊಳೆಗೆ ಕಟ್ಟೆ ಹಾಕಿ ನೀರನ್ನು ತಿರುಗಿಸಿದ್ದಾರೆ, ಇವೆಲ್ಲವನ್ನೂ ಅರಿತು ಜನ ಮನೆ ಮಾಡಿಕೊಂಡಿದ್ದಾರೆ ಎಂದು ಆ ಒಂದೇ ಪದ ಹೇಳುತ್ತದೆ.

ಹಳೆಯ ಊರುಗಳ ವಿನ್ಯಾಸವನ್ನು ಗಮನವಿಟ್ಟು ನೋಡಿದವರಿಗೆ, ನಕ್ಷೆಯೂ ಇಂಜಿನಿಯರೂ ಇಲ್ಲದಿದ್ದ ಕಾಲದಲ್ಲಿಯೂ ನೆಲೆಯ ಆಯ್ಕೆಯಲ್ಲಿ ಒಂದು ಕ್ರಮವಿದ್ದುದು ಕಾಣದೆ ಇರದು. ನೀರು ಹತ್ತಿರವಿರಬೇಕು, ಆದರೆ ಅದು ಮನೆಯೊಳಕ್ಕೆ ಬರಬಾರದು. ಗದ್ದೆ ಕೂಗಳತೆಯಲ್ಲಿರಬೇಕು, ಆದರೆ ಗದ್ದೆಯ ಒಂದು ಮಡಿಯೂ ಮನೆಯ ತಳಪಾಯಕ್ಕೆ ಹೋಗಬಾರದು. ದನಕ್ಕೆ ಗೋಮಾಳ, ಸತ್ತವರಿಗೆ ಮಸಣ, ದೇವರಿಗೆ ತೋಪು, ಕಣಕ್ಕೆ ಬಯಲು, ಇವೆಲ್ಲಕ್ಕೂ ಸ್ಥಳ ಬಿಟ್ಟು, ಬೇಸಾಯಕ್ಕೆ ಅಷ್ಟಾಗಿ ಒದಗದ ದಿಣ್ಣೆಯ ಮೇಲೆ ಊರು ಕೂಡಬೇಕು. ಈ ಕ್ರಮದಲ್ಲಿ ಒಂದು ಘೋರವಾದ ಅನ್ಯಾಯವೂ ಸೇರಿಕೊಂಡಿತ್ತು; ಅದನ್ನು ಮುಂದೆ ಹೇಳುತ್ತೇನೆ. ಆದರೆ ಮನೆ ಎಲ್ಲಿರಬೇಕೆಂಬುದು ಒಬ್ಬನ ಸೌಕರ್ಯದ ಪ್ರಶ್ನೆಯಲ್ಲ, ನೀರು ನೆಲಗಳೊಡನೆ ಇಡೀ ಊರು ಮಾಡಿಕೊಂಡ ಒಪ್ಪಂದ ಎಂಬ ತಿಳಿವಳಿಕೆ ಅಲ್ಲಿತ್ತೆಂಬುದನ್ನು ಅಲ್ಲಗಳೆಯಲಾಗದು.

ಆ ತಿಳಿವಳಿಕೆ ನಮ್ಮ ಕಾಲದಲ್ಲಿ ಸಡಿಲಿದೆ. ಮನೆಯ ವಿಚಾರ ಬಂದಾಗ ನಾವು ಅನುದಾನವೆಷ್ಟು, ಕಂತು ಯಾವಾಗ, ಫಲಾನುಭವಿಗಳ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ವಿಚಾರಿಸುತ್ತೇವೆ. ಎಲ್ಲಿ ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಕೊನೆಗೆ, ಅದೂ ಯಾವ ಜಾಗ ಉಳಿದಿದೆಯೋ ನೋಡಿ ಎಂಬ ಮಾತಿನಲ್ಲಿ ಕೇಳುತ್ತೇವೆ. ಕ್ರಮ ತಲೆಕೆಳಗಾಗಿದೆ ಎಂಬುದೇ ನನ್ನ ವಾದ. ಮನೆಯನ್ನು ಮೂವತ್ತು ವರ್ಷಕ್ಕೊಮ್ಮೆ ದುರಸ್ತಿ ಮಾಡಬಹುದು, ಅಗತ್ಯವಾದರೆ ಕೆಡವಿ ಕಟ್ಟಬಹುದು. ಒಮ್ಮೆ ನೂರು ಮನೆ ಎದ್ದು ನಿಂತ ಸ್ಥಳವನ್ನು ಮಾತ್ರ ಅಷ್ಟು ಸುಲಭವಾಗಿ ಬದಲಿಸಲಾಗದು. ಆದುದರಿಂದ ಸ್ಥಳದ ನಿರ್ಣಯ ಮೊದಲು ಆಗತಕ್ಕದ್ದು, ಬಹಿರಂಗವಾಗಿ ಆಗತಕ್ಕದ್ದು, ಊರಿನವರೆಲ್ಲರ ಮುಂದೆ ನಕ್ಷೆಯನ್ನು ಹರಡಿ ಆಗತಕ್ಕದ್ದು.

ಈಗ ಆ ನಿರ್ಣಯ ಹೇಗೆ ಆಗುತ್ತಿದೆಯೆಂಬುದನ್ನು ನೋಡೋಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಹೊಸ ಮನೆ ಮೂರು ದಾರಿಯಿಂದ ಬರುತ್ತದೆ. ಮೊದಲನೆಯದು ಅಣ್ಣತಮ್ಮಂದಿರ ಪಾಲು. ಹಿರಿಯರ ಮನೆಯಲ್ಲಿ ಇಬ್ಬರು ಮಕ್ಕಳು ಸಂಸಾರ ಹೂಡಲು ಸ್ಥಳ ಸಾಲದೆ, ಒಬ್ಬನು ಊರೊಳಗೆ ಉಳಿದು ಇನ್ನೊಬ್ಬನು ಹೊಲಕ್ಕೆ ಹೋಗುತ್ತಾನೆ. ಹೊಗೆಸೊಪ್ಪಿನ ಈ ಸೀಮೆಯಲ್ಲಿ ಅದಕ್ಕೊಂದು ವಿಶೇಷವಾದ ಕಾರಣವೂ ಉಂಟು. ಮಳೆಗಾಲದಲ್ಲಿ ಎಲೆ ಮುರಿಯುವ ಕಾಲ ಬಂತೆಂದರೆ, ಹದಗೊಳಿಸುವ ಮನೆಯಾದ ಬ್ಯಾರನ್ನಿನೊಳಗೆ ಕಡ್ಡಿಗೆ ಪೋಣಿಸಿದ ಸೊಪ್ಪನ್ನು ಸಾಲುಸಾಲಾಗಿ ತೂಗುಹಾಕಿ, ಕೆಳಗಿನ ಒಲೆಗೆ ಸೌದೆಯೊಡ್ಡಿ, ಕಬ್ಬಿಣದ ಕೊಳವೆಗಳಲ್ಲಿ ಬಿಸಿಯನ್ನು ಹಾಯಿಸಿ, ಐದಾರು ದಿನ ಹಗಲಿರುಳು ಶಾಖದ ಮಟ್ಟವನ್ನು ಕಾಯಬೇಕು. ನಡುರಾತ್ರಿಯಲ್ಲಿ ಬೆಂಕಿ ಇಳಿದರೆ ಸೊಪ್ಪು ಕರಿದಾಗುತ್ತದೆ. ಏರಿದರೆ, ಒಂದು ಒಣಗಿದ ಎಲೆ ಕೊಳವೆಯ ಮೇಲೆ ಉದುರಿದರೂ ಬ್ಯಾರನ್ನೇ ಉರಿದುಹೋಗುವ ಭಯ. ಹೀಗೆ ಕಾಯುವವನು ಮೊದಲ ವರ್ಷ ಬ್ಯಾರನ್ನಿನ ಗೋಡೆಗೆ ಒರಗಿಸಿ ಒಂದು ತಗಡಿನ ಚಪ್ಪರ ಹಾಕುತ್ತಾನೆ. ಎರಡನೆಯ ವರ್ಷ ಅದಕ್ಕೆ ಇಟ್ಟಿಗೆಯ ಗೋಡೆ ಬರುತ್ತದೆ. ಮೂರನೆಯ ವರ್ಷ ಹೆಂಡತಿ ಮಕ್ಕಳು ಅಲ್ಲಿಗೇ ಬರುತ್ತಾರೆ. ಆಮೇಲೆ ವಿದ್ಯುತ್ ಕಂಬ ಬೇಕು, ನಲ್ಲಿ ಬೇಕು, ಶಾಲೆಗೆ ಹೋಗುವ ಮಗುವಿಗೆ ಕೆಸರಿಲ್ಲದ ದಾರಿ ಬೇಕು. ಈ ಬೇಡಿಕೆಗಳಲ್ಲಿ ಒಂದೂ ಅನ್ಯಾಯವಾದುದಲ್ಲ; ಆದರೆ ಹೀಗೆ ಹರಡಿದ ಐವತ್ತು ಮನೆಗಳಿಗೆ ಐವತ್ತು ದಿಕ್ಕಿನಲ್ಲಿ ಕಂಬ, ಕೊಳವೆ, ರಸ್ತೆಗಳನ್ನು ಒಯ್ಯುವ ಶಕ್ತಿ ಯಾವ ಪಂಚಾಯಿತಿಗೂ ಇಲ್ಲ.

ಎರಡನೆಯ ದಾರಿ ರಸ್ತೆಯ ಪಕ್ಕದ ಖಾಸಗಿ ಬಡಾವಣೆಯದು. ಮೈಸೂರಿನಿಂದ ಹುಣಸೂರಿನ ಕಡೆಗೆ ಬರುವವರು ಇದನ್ನು ಕಣ್ಣಾರೆ ಕಂಡಿದ್ದಾರೆ: ಮೊನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಕಲ್ಲು ನೆಟ್ಟು, ಬಣ್ಣದ ಕಮಾನು ಕಟ್ಟಿ, ನಿವೇಶನಗಳನ್ನು ಅಳೆದು ಮಾರುತ್ತಾರೆ. ಕೊಂಡವರಲ್ಲಿ ಅನೇಕರು ಅಲ್ಲಿ ಮನೆ ಕಟ್ಟುವುದೇ ಇಲ್ಲ. ನೆಲ ಬೆಳೆಯನ್ನೂ ಕೊಡದೆ ನೆಳಲನ್ನೂ ಕೊಡದೆ ಪಾರ್ಥೇನಿಯಂ ಬೆಳೆಸಿಕೊಂಡು ಬೆಲೆ ಏರುವುದನ್ನು ಕಾಯುತ್ತದೆ. ಮೂರನೆಯ ದಾರಿ ಸರ್ಕಾರದ ನಿವೇಶನ ಹಂಚಿಕೆ. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದ ದೇವರಾಜ ಅರಸರ ಕಾಲದಲ್ಲಿ ನಿವೇಶನವಿಲ್ಲದ ಬಡವರಿಗೆ ನಿವೇಶನವನ್ನೂ ಜನತಾ ಮನೆಯನ್ನೂ ಕೊಡುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮುಂದೆ ಆಶ್ರಯ, ಇಂದಿರಾ ಆವಾಸ್, ಬಸವ ವಸತಿ, ಅಂಬೇಡ್ಕರ್ ನಿವಾಸ, 2016ರಿಂದ ಪ್ರಧಾನ ಮಂತ್ರಿ ಆವಾಸ್ ಎಂದು ಹೆಸರುಗಳು ಬಂದುವು. ಉದ್ದೇಶ ಎಲ್ಲ ಕಾಲದಲ್ಲಿಯೂ ಸ್ತುತ್ಯವಾದುದೇ. ಆದರೆ ಹಂಚುವುದಕ್ಕೆ ಸಿಕ್ಕ ನೆಲವೆಂದರೆ, ಯಾರೂ ಕೇಳದೆ ಉಳಿದ ಖರಾಬು, ಕೆರೆಯ ಅಂಗಳದ ಅಂಚು, ಹಳ್ಳದ ಮಗ್ಗುಲು, ಊರಿಂದ ಒಂದೂವರೆ ಮೈಲಿ ಆಚೆಯ ಬೋಳುಗುಡ್ಡ. ಬಡವನಿಗೆ ಮನೆ ಕೊಟ್ಟೆವೆಂಬ ಸಂತೋಷದಲ್ಲಿ, ಯಾವ ನೆಲದಲ್ಲಿ ಕೊಟ್ಟೆವೆಂಬುದನ್ನು ನಾವು ಮರೆತೆವು.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೆ ಎಂದರೆ, ಇಲ್ಲ. ಆಗಿನ ಮೈಸೂರು ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಬಂದಿತು. ಅದರಂತೆ ಸರ್ಕಾರವು ಒಂದು ಪ್ರದೇಶವನ್ನು ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸಿದ ಮೇಲೆ, ಅಲ್ಲಿಯ ಯೋಜನಾ ಪ್ರಾಧಿಕಾರವು ಮೊದಲು ನೆಲ ಈಗ ಯಾವುದಕ್ಕೆ ವಿನಿಯೋಗವಾಗುತ್ತಿದೆಯೆಂಬ ಸಮೀಕ್ಷೆ ಮಾಡಿ, ಮುಂದೆ ಯಾವುದಕ್ಕೆ ವಿನಿಯೋಗವಾಗಬೇಕೆಂಬುದನ್ನು ನಕ್ಷೆಯಲ್ಲಿ ಬಣ್ಣಬಣ್ಣವಾಗಿ ಗುರುತಿಸಿ, ಜನರ ಆಕ್ಷೇಪಣೆ ಸಲಹೆಗಳನ್ನು ಕರೆದು, ಸರ್ಕಾರದ ಅನುಮೋದನೆ ಪಡೆಯಬೇಕು. ವಾಸದ ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಾನಗಳಿಗೆ ಹಸುರು ಎಂಬುದು ಸಾಮಾನ್ಯವಾದ ಸಂಪ್ರದಾಯ. ಇಂಥ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದೂ ಅಧಿನಿಯಮ ವಿಧಿಸುತ್ತದೆ. ಇಂಗ್ಲೆಂಡಿನಲ್ಲಿ 1947ರ ಯೋಜನಾ ಕಾಯ್ದೆ ಬಂದಾಗಿನಿಂದ ಬೆಳೆದುಬಂದಿರುವ ಪದ್ಧತಿಯೂ ಇದೇ ಜಾತಿಯದು: ಅಲ್ಲಿ ಪ್ರತಿಯೊಂದು ಸ್ಥಳೀಯ ಮಂಡಲಿಯೂ ತನ್ನ ಪ್ರಾಂತಕ್ಕೆ ಎಷ್ಟು ಮನೆ ಬೇಕು, ಅವು ಯಾವ ಯಾವ ನೆಲದಲ್ಲಿ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡುತ್ತದೆ, ಪ್ರವಾಹದ ಭಯ ಅತ್ಯಲ್ಪವಾಗಿರುವ ನೆಲವನ್ನು ಮೊದಲು ಪರಿಶೀಲಿಸಿ, ಅದು ಸಾಲದಾಗ ಮಾತ್ರ ಮುಂದಿನದನ್ನು ನೋಡಬೇಕೆಂಬ ನಿಯಮವೂ ಉಂಟು.

ಆದರೆ ಪಟ್ಟಣದ ಯೋಜನಾ ಪ್ರದೇಶದ ಗೆರೆಯ ಹೊರಗಿರುವ ಹಳ್ಳಿಗೆ ಬಣ್ಣದ ನಕ್ಷೆಯ ಭಾಗ್ಯವಿಲ್ಲ. ಅಲ್ಲಿ ಮೂರು ಕಡತಗಳು ಬೇರೆಬೇರೆಯಾಗಿ ನಡೆಯುತ್ತವೆ. 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಕೃಷಿಭೂಮಿಯನ್ನು ವಾಸಕ್ಕೆ ಪರಿವರ್ತಿಸುವ ಅಪ್ಪಣೆ ಜಿಲ್ಲಾಧಿಕಾರಿಗಳದು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದಂತೆ ಮನೆ ಕಟ್ಟುವ ಅನುಮತಿ ಗ್ರಾಮ ಪಂಚಾಯಿತಿಯದು. ಆಸ್ತಿಯ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ರದು ಬೇರೆಯೇ ಕಡತ. ಪ್ರತಿಯೊಂದು ಕಡತವೂ ತನ್ನೆದುರಿನ ಒಂದು ಸರ್ವೆ ನಂಬರನ್ನು ನೋಡುತ್ತದೆ. ಇಡೀ ಊರನ್ನು ಒಟ್ಟಾಗಿ ನೋಡಿ, ಮುಂದಿನ ಇಪ್ಪತ್ತು ವರ್ಷ ಇದು ಯಾವ ದಿಕ್ಕಿಗೆ ಬೆಳೆಯಬೇಕು ಎಂದು ಕೇಳುವ ಕಡತ ಯಾವುದೂ ಇಲ್ಲ. ವರ್ಷವರ್ಷವೂ ತಯಾರಾಗುವ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯು ಈ ಕೆಲಸಕ್ಕೆ ಯೋಗ್ಯವಾದ ಸ್ಥಾನವಾಗಬಹುದಿತ್ತು. ಆದರೆ ಅದು ಬಹುಪಾಲು ಚರಂಡಿ, ಕಾಂಕ್ರೀಟು ರಸ್ತೆ, ಕಾಂಪೌಂಡುಗಳ ಪಟ್ಟಿಯಾಗಿ ಉಳಿಯುತ್ತದೆ.

ಇಷ್ಟಕ್ಕೂ ಮನೆಗಳಿಗೆ ಬೇಕಾದ ನೆಲವೆಷ್ಟು? ಇಲ್ಲಿ ಒಂದು ಚಿಕ್ಕ ಗಣಿತವನ್ನು ಮಾಡಿ ನೋಡುವುದು ಒಳ್ಳೆಯದು. ಒಂದು ಎಕರೆಯೆಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ಬಡಾವಣೆ ಮಾಡುವಾಗ ರಸ್ತೆ, ಉದ್ಯಾನ, ಶಾಲೆ ಮೊದಲಾದ ಸಾರ್ವಜನಿಕ ಉಪಯೋಗಗಳಿಗೆ ಬಿಟ್ಟು, ನೂರಕ್ಕೆ 55 ಭಾಗವನ್ನು ನಿವೇಶನಗಳಿಗೆ ಇಟ್ಟುಕೊಂಡರೆ ಸುಮಾರು 24,000 ಚದರ ಅಡಿ ದೊರೆಯುತ್ತದೆ. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನಕ್ಕೆ 1,200 ಚದರ ಅಡಿ. ಹೀಗೆ ಎಕರೆಗೆ ಇಪ್ಪತ್ತು ನಿವೇಶನಗಳಾದುವು. ನೂರು ಸಂಸಾರಗಳಿಗೆ ಐದು ಎಕರೆ ಸಾಕು. ಒಂದು ಗ್ರಾಮದ ಸಾವಿರಾರು ಎಕರೆ ವಿಸ್ತೀರ್ಣದಲ್ಲಿ ಐದು ಎಕರೆಯೆಂಬುದು ಎಣಿಕೆಗೆ ಬರದಷ್ಟು ಅಲ್ಪ. ಅಷ್ಟು ಅಲ್ಪವಾದುದಕ್ಕೆ ಊರಿನ ಅತ್ಯಂತ ಕೆಟ್ಟ ನೆಲವನ್ನು ಹುಡುಕಬೇಕಾದ ಅಗತ್ಯವೂ ಇಲ್ಲ, ಅತ್ಯಂತ ಒಳ್ಳೆಯ ಗದ್ದೆಯನ್ನು ಕಳೆದುಕೊಳ್ಳಬೇಕಾದ ಅಗತ್ಯವೂ ಇಲ್ಲ. ನೆಲದ ಅಭಾವವೆಂದು ನಾವು ಹೇಳುವುದು ಬಹಳ ಸಲ ವಿಚಾರದ ಅಭಾವವಾಗಿರುತ್ತದೆ. ಯಾವ ಐದು ಎಕರೆ ಎಂಬುದರಲ್ಲಿಯೇ ವಿವೇಕವಿರುವುದು.

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಇಂದಿನ ಕೃಷ್ಣರಾಜನಗರ ಹುಟ್ಟಿದ್ದೇ ಸ್ಥಳನಿರ್ಣಯದ ಒಂದು ಮಹತ್ಕಾರ್ಯದಿಂದ. ಹಿಂದೆ ಈ ಸೀಮೆಯ ಮುಖ್ಯ ಪಟ್ಟಣ ಕಾವೇರಿಯ ದಡದ ಎಡತೊರೆ. ಅರ್ಕೇಶ್ವರನ ಸನ್ನಿಧಿ, ನದಿಯ ಸ್ನಾನಘಟ್ಟ, ಅಗ್ರಹಾರ, ಪೇಟೆ, ಎಲ್ಲವೂ ಹೊಳೆಯ ಸಮೀಪದಲ್ಲಿ. ಆ ಸಾಮೀಪ್ಯವೇ ಆ ಊರಿಗೆ ಶೋಭೆಯೂ ಆಗಿತ್ತು, ವಿಪತ್ತೂ ಆಗಿತ್ತು. ಕಾವೇರಿ ತುಂಬಿ ಬಂದಾಗಲೆಲ್ಲ ನೀರು ಬೀದಿಗಳನ್ನು ಹೊಕ್ಕು ಮಣ್ಣಿನ ಗೋಡೆಗಳನ್ನು ಕರಗಿಸುತ್ತಿತ್ತು. 1924ರ ಜುಲೈ ತಿಂಗಳಲ್ಲಿ ಕಾವೇರಿಗೆ ಬಂದ ಮಹಾಪೂರ ದಕ್ಷಿಣ ದೇಶದ ಜನ ತಲೆಮಾರುಗಳವರೆಗೆ ನೆನೆಯುವಂಥದು. ಅದಾದ ಮೇಲೆ, 1925ರಿಂದ 1930ರವರೆಗಿನ ವರ್ಷಗಳಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ನದಿಯಿಂದ ಆಚೆಗೆ, ಎತ್ತರದ ನೆಲದಲ್ಲಿ ಹೊಸ ಪಟ್ಟಣವನ್ನು ನಿರ್ಮಿಸಿತು. ಮಹಾರಾಜರ ಹೆಸರೇ ಅದಕ್ಕೆ ಬಂದಿತು.

ಹೊಸ ಪಟ್ಟಣವನ್ನು ಕಟ್ಟಿದವರು ನೆಲವನ್ನು ಮೊದಲು ನೋಡಿದರು, ಬೀದಿಗಳನ್ನು ಆಮೇಲೆ ಎಳೆದರು, ಮನೆಗಳು ಅನಂತರ ಬಂದುವು. ಇಂದಿಗೂ ಆ ಊರಿನ ಹಳೆಯ ಭಾಗದಲ್ಲಿ ನಡೆದಾಡುವವರಿಗೆ, ಗರುಡಗಂಬದ ವೃತ್ತದಿಂದ ಹೊರಡುವ ಅಗಲವಾದ ನೇರವಾದ ರಸ್ತೆಗಳು, ತಾಲ್ಲೂಕು ಕೇಂದ್ರಗಳಲ್ಲಿ ಅಪರೂಪವಾದ ಒಂದು ನೆಮ್ಮದಿಯನ್ನು ಕೊಡುತ್ತವೆ. ಎತ್ತಿನ ಗಾಡಿಗಳ ಕಾಲದಲ್ಲಿ ಅಷ್ಟು ಅಗಲವೇಕೆ ಎಂದು ಆಗ ಯಾರಾದರೂ ಕೇಳಿದ್ದರೆ, ಉತ್ತರ ನೂರು ವರ್ಷದ ಮೇಲೆ ತಾನಾಗಿ ದೊರೆತಿದೆ. ಇದಕ್ಕೂ ಮುಂಚೆ, ಪ್ಲೇಗಿನ ಹಾವಳಿಯಿಂದ ಪಾಠ ಕಲಿತು 1903ರಲ್ಲಿ ಮೈಸೂರು ನಗರಕ್ಕೆ ಒಂದು ಅಭಿವೃದ್ಧಿ ಮಂಡಲಿಯನ್ನೇ ಏರ್ಪಡಿಸಿದ್ದ ರಾಜ್ಯಕ್ಕೆ ಈ ಬಗೆಯ ಆಲೋಚನೆ ಹೊಸದಾಗಿರಲಿಲ್ಲ. ಹಾಗೆಂದು ಎಡತೊರೆಯ ಜನರಿಗೆ ಅದು ಸುಲಭವಾಗಿತ್ತೆಂದು ಭಾವಿಸಬಾರದು. ದೇವರು ಹೊಳೆಯ ದಡದಲ್ಲಿ ಉಳಿದ. ಮನೆಗಳು ದಿಣ್ಣೆಗೆ ಬಂದುವು. ತಾತಮುತ್ತಾತಂದಿರ ಹೊಸ್ತಿಲನ್ನು ದಾಟಿ ಹೋಗುವ ಸಂಕಟವನ್ನು ಯಾವ ಅಗಲವಾದ ರಸ್ತೆಯೂ ಪೂರ್ತಿಯಾಗಿ ಮರೆಸಲಾರದು. ಒಂದು ಊರನ್ನು ಎತ್ತಿ ಇನ್ನೊಂದು ಕಡೆ ಇಡುವ ಕಷ್ಟ ಅಷ್ಟು ದೊಡ್ಡದಾದುದರಿಂದಲೇ, ಇಡುವ ಮೊದಲ ಸಲವೇ ಸರಿಯಾಗಿ ಇಡಬೇಕೆಂಬ ಎಚ್ಚರ ನಮಗೆ ಬೇಕು.

ಲಕ್ಷ್ಮಣತೀರ್ಥವು ಕಾವೇರಿಯಷ್ಟು ದೊಡ್ಡ ನದಿಯಲ್ಲ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಧುಮುಕಿ, ಹನಗೋಡಿನ ಅಣೆಕಟ್ಟೆಯನ್ನು ಹಾದು, ಹುಣಸೂರು ಪಟ್ಟಣವನ್ನು ಸವರಿಕೊಂಡು, ಕಟ್ಟೆಮಳಲವಾಡಿಯ ಕಟ್ಟೆಯನ್ನು ದಾಟಿ, ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುವ ಈ ಹೊಳೆ ಬೇಸಗೆಯಲ್ಲಿ ಸೊರಗಿ ಸಾಧುವಾಗಿ ಕಾಣುತ್ತದೆ. ಅದರ ಈ ಸಾಧುತನವೇ ಮೋಸಗೊಳಿಸುವಂಥದು. ಚೈತ್ರದಲ್ಲಿ ದಡದ ನೆಲವನ್ನು ನೋಡಿ ಇಲ್ಲಿಗೆ ನೀರೆಲ್ಲಿಂದ ಬರಬೇಕು ಎನ್ನುವವನಿಗೆ, ಕೊಡಗಿನಲ್ಲಿ ನಾಲ್ಕು ದಿನ ಬಿಡದೆ ಸುರಿದ ಆಶ್ಲೇಷಾ ಮಳೆ ಉತ್ತರ ಕೊಡುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಹುಣಸೂರು ತಾಲ್ಲೂಕಿನ ದಡದ ಹೊಲಗದ್ದೆಗಳಿಗೂ ತಗ್ಗಿನ ಮನೆಗಳಿಗೂ ನುಗ್ಗಿದ್ದನ್ನು ಈ ಸೀಮೆಯ ಜನ ಮರೆತಿಲ್ಲ. ಮಣ್ಣಿನ ಗೋಡೆಯ ಮನೆಗೆ ಹೊಕ್ಕ ನೀರು ಅರ್ಧ ದಿನದಲ್ಲಿ ಇಳಿದುಹೋದರೂ, ಗೋಡೆಯ ಬುಡ ನೆನೆದು ವಾರದ ಮೇಲೆ ಬಿಸಿಲು ಬಿದ್ದಾಗ ಕುಸಿಯುತ್ತದೆ. ಆ ವೇಳೆಗೆ ಪರಿಹಾರದ ಪಟ್ಟಿ ಬರೆದುಕೊಂಡು ಹೋದವರು ಹೊರಟುಹೋಗಿರುತ್ತಾರೆ.

ನೀರು ಒಂದು ಪರೀಕ್ಷೆಯಾದರೆ ಜೀವನೋಪಾಯ ಇನ್ನೊಂದು. ಈ ವಿಷಯದಲ್ಲಿ ಹೆಗ್ಗಡದೇವನಕೋಟೆಯ ಕಡೆಯ ಅನುಭವ ಕಹಿಯಾದುದು. ಕಬಿನಿಯ ಅಣೆಕಟ್ಟು 1959ರಲ್ಲಿ ಆರಂಭವಾಗಿ 1974ರಲ್ಲಿ ಮುಗಿದಾಗ, ಪುನ್ನಾಟದ ಪ್ರಾಚೀನ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾದ ಕಿತ್ತೂರೂ ಸೇರಿದಂತೆ ಅನೇಕ ಊರುಗಳು ಮುಳುಗಿ, ಅಲ್ಲಿಯ ಜನ ಬೇರೆ ಕಡೆ ನೆಲೆ ಹುಡುಕಬೇಕಾಯಿತು. ನಾಗರಹೊಳೆಯ ಕಾಡಿನೊಳಗಿನ ಹಾಡಿಗಳಿಂದ ಹೊರಬಂದ ಜೇನುಕುರುಬ ಮೊದಲಾದ ಆದಿವಾಸಿಗಳ ಸ್ಥಿತಿ ಇನ್ನೂ ದಾರುಣ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿಯು 2014ರ ವರದಿಯಲ್ಲಿ ಹೀಗೆ ನೆಲೆ ತಪ್ಪಿದ ಕುಟುಂಬಗಳನ್ನು 3,418 ಎಂದು ಎಣಿಸಿತು. ಇವರಲ್ಲಿ ಒಂದು ಭಾಗಕ್ಕೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆಯೂ ಜಮೀನೂ ದೊರೆತಿವೆ, ನಿಜ. ಆದರೆ ಜೇನು, ಗೆಡ್ಡೆ, ಕಾಡಿನ ದೇವರು, ಸತ್ತ ಹಿರಿಯರ ಗುಡ್ಡೆ ಇವುಗಳ ನಡುವೆ ಬಾಳಿದವರಿಗೆ ಸಾಲುಮನೆಯೊಂದನ್ನು ತೋರಿಸಿ ಇದು ನಿಮ್ಮ ವಸತಿ ಎಂದರೆ, ಅವರಿಗೆ ದೊರೆತದ್ದು ಸೂರು ಮಾತ್ರ. ವಸತಿಯೆಂದರೆ ವಾಸ, ವಾಸದಲ್ಲಿ ಕೆಲಸ, ನೆರೆ, ನೆನಪುಗಳೂ ಸೇರಿವೆ.

ಇದಕ್ಕೆ ಪ್ರತಿಯಾಗಿ, ಇದೇ ಸೀಮೆಯಲ್ಲಿ ಇನ್ನೊಂದು ದೃಶ್ಯವೂ ಉಂಟು. ಸ್ವದೇಶವನ್ನು ಕಳೆದುಕೊಂಡು ಬಂದ ಟಿಬೆಟನ್ನರಿಗೆ 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೂ, ಆಮೇಲೆ 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ನೆಲೆಯನ್ನು ಕೊಟ್ಟಾಗ, ಮನೆಯನ್ನೊಂದೇ ಕೊಡಲಿಲ್ಲ. ಮನೆ, ಹೊಲ, ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಮಠ ಇವೆಲ್ಲ ಒಂದೇ ನೆಲೆಯ ಅಂಗಗಳಾಗಿ ಬೆಳೆದುವು. ಆರಂಭದಲ್ಲಿ ಕಾಡು ಕಡಿದು, ಆನೆಯ ಕಾಟವನ್ನೂ ಜ್ವರವನ್ನೂ ಸಹಿಸಿದ ಆ ಜನ ಅಲ್ಲಿ ಬೇರೂರಿದ್ದಕ್ಕೆ ಅವರ ಪರಿಶ್ರಮ ಒಂದು ಕಾರಣ. ನೆಲೆಯನ್ನು ಸಮಗ್ರವಾಗಿ ಕಲ್ಪಿಸಿದ್ದು ಇನ್ನೊಂದು. ಹೊರಗಿನಿಂದ ಬಂದ ಅತಿಥಿಗಳಿಗೆ ನಾವು ತೋರಿಸಿದ ಈ ದೂರದೃಷ್ಟಿಯನ್ನು ನಮ್ಮದೇ ಹಾಡಿಯವರಿಗೂ ಕೇರಿಯವರಿಗೂ ಏಕೆ ತೋರಿಸಲಾಗಲಿಲ್ಲ ಎಂಬ ಪ್ರಶ್ನೆ ನಮ್ಮನ್ನು ಕಾಡಬೇಕು.

ಹಾಗಾದರೆ ಕಟ್ಟೆಮಳಲವಾಡಿಯಂಥ ಊರು ತನ್ನ ಐದು ಎಕರೆಯನ್ನು ಹೇಗೆ ಆರಿಸಬೇಕು? ಮೊದಲು ಊರೊಳಗೆ ನೋಡಬೇಕು. ಪ್ರತಿಯೊಂದು ಗ್ರಾಮಠಾಣದಲ್ಲಿಯೂ ಹೆಂಚು ಇಳಿದು, ಬಾಗಿಲಿಗೆ ಬೀಗ ಹಾಕಿ, ಅಂಗಳದಲ್ಲಿ ಎಕ್ಕ ಬೆಳೆದ ಪಾಳುಮನೆಗಳಿವೆ. ಒಡೆಯರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಅಥವಾ ಏಳು ಮಂದಿ ಹಕ್ಕುದಾರರಿಗೆ ಪಾಲು ಹೊಂದದೆ ನಿಂತಿದೆ. ಗ್ರಾಮಠಾಣದ ಸ್ವತ್ತಿಗೆ ಸರ್ವೆ ನಂಬರಿಲ್ಲದೆ ತಲೆಮಾರುಗಳಿಂದ ಉಳಿದಿದ್ದ ತೊಡಕನ್ನು ಬಿಡಿಸಲು, 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳಿಂದ ಮನೆಮನೆಯ ಅಳತೆ ಮಾಡಿ ಸ್ವತ್ತಿನ ಕಾರ್ಡು ಕೊಡುವ ಕಾರ್ಯ ನಡೆದಿದೆ. ಆ ನಕ್ಷೆ ಕೈಗೆ ಬಂದ ಪಂಚಾಯಿತಿಯು ಖಾಲಿ ನಿವೇಶನಗಳನ್ನೂ ಪಾಳುಮನೆಗಳನ್ನೂ ಎಣಿಸಿ, ಒಡೆಯರನ್ನು ಕರೆದು ಮಾತನಾಡಿದರೆ, ಹೊಸ ನೆಲದ ಅಗತ್ಯವೇ ಎಷ್ಟೋ ಕಡಮೆಯಾದೀತು. ಅಲ್ಲಿ ರಸ್ತೆಯಿದೆ, ಕಂಬವಿದೆ, ನಲ್ಲಿಯಿದೆ, ನೆರೆಯವರಿದ್ದಾರೆ.

ಎರಡನೆಯದಾಗಿ ಬಿಡಬೇಕಾದ ನೆಲವನ್ನು ಗೊತ್ತುಮಾಡಬೇಕು. ಸರ್ವೆ ಇಲಾಖೆಯ ಗ್ರಾಮನಕ್ಷೆಯಲ್ಲಿ ಹಳ್ಳ, ಕೆರೆ, ಬಂಡಿದಾರಿ, ಗ್ರಾಮಠಾಣಗಳ ಗುರುತುಗಳಿವೆ. ಅದರ ಮೇಲೆ, ಊರಿನ ಹಿರಿಯರನ್ನು ಕೇಳಿ, ದೊಡ್ಡ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗೆರೆಯನ್ನು ಎಳೆಯಬೇಕು. ಆ ಗೆರೆಯ ಒಳಗೆ ಮನೆ ಸಲ್ಲದು. ನಾಲೆಯ ಕೆಳಗಿನ ತರಿ ಜಮೀನೂ ಸಲ್ಲದು, ಏಕೆಂದರೆ ಕಟ್ಟೆ ಕಟ್ಟಿ ನೀರು ಹರಿಸಿದ ಗದ್ದೆಯೊಂದನ್ನು ಹೊಸದಾಗಿ ಸೃಷ್ಟಿಸುವುದು ನಮ್ಮಿಂದಾಗದು. ಅದೂ ಅಲ್ಲದೆ ಜೌಗುನೆಲದ ಮೇಲಿನ ತಳಪಾಯ ಎಂದೂ ಒಣಗುವುದಿಲ್ಲ. ಗೋಮಾಳವನ್ನು ಮುಟ್ಟುವ ಮುನ್ನ ದನಗಳನ್ನು ಎಣಿಸಬೇಕು: ನೂರು ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಮೇವಿನ ನೆಲವನ್ನು ಕಾದಿರಿಸಬೇಕೆಂದು ಕಂದಾಯ ನಿಯಮಗಳು ಹೇಳುತ್ತವೆ. ಹೀಗೆ ಬಿಡಬೇಕಾದುದನ್ನೆಲ್ಲ ಬಿಟ್ಟ ಮೇಲೆ ಉಳಿಯುವುದು ಊರಿಗೆ ಅಂಟಿಕೊಂಡಿರುವ ಖುಷ್ಕಿ ದಿಣ್ಣೆ. ಶಾಲೆಗೆ ಮಗು ನಡೆದು ಹೋಗುವಷ್ಟು, ಹಾಲಿನ ಡೇರಿಗೆ ಹೆಂಗಸು ಬೆಳಗಿನ ಜಾವದಲ್ಲಿ ಅಂಜದೆ ಹೋಗಿಬರುವಷ್ಟು, ಕಟ್ಟೆಮಳಲವಾಡಿಯಲ್ಲಿರುವ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಹಂಗಾಮಿನ ಕೂಲಿ ಮಾಡುವವನು ಕೆಲಸಕ್ಕೆ ತಲಪುವಷ್ಟು ಹತ್ತಿರದ ನೆಲ ಅದಾದರೆ, ಅದೇ ಐದು ಎಕರೆ. ಅದು ಖಾಸಗಿಯವರದಾಗಿದ್ದರೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವುದು ಸರ್ಕಾರಕ್ಕೆ ದುಬಾರಿಯಾಗಿ ಕಾಣಬಹುದು. ಆದರೆ ಬಿಟ್ಟಿಯಾಗಿ ಸಿಕ್ಕ ದೂರದ ಗುಡ್ಡಕ್ಕೆ ರಸ್ತೆ, ನೀರು, ವಿದ್ಯುತ್ತುಗಳನ್ನು ಒಯ್ಯುವ ವೆಚ್ಚವನ್ನೂ, ಅಲ್ಲಿಂದ ದಿನವೂ ನಡೆದು ಬರುವವರ ದಣಿವನ್ನೂ ಲೆಕ್ಕಕ್ಕೆ ಹಿಡಿದರೆ ಯಾವುದು ದುಬಾರಿಯೆಂಬುದು ತಿಳಿಯುತ್ತದೆ.

ಇನ್ನು ಹಿಂದೆ ಹೇಳುತ್ತೇನೆಂದ ಅನ್ಯಾಯದ ಮಾತು. ಹಳೆಯ ಊರಿನ ಕ್ರಮದಲ್ಲಿ ಕೇರಿ ಬೇರೆಯಾಗಿತ್ತು. ಅದು ಗಾಳಿ ನೀರುಗಳ ವಿವೇಕದಿಂದ ಬಂದುದಲ್ಲ, ಮನುಷ್ಯನನ್ನು ಮನುಷ್ಯ ದೂರವಿಟ್ಟುದರಿಂದ ಬಂದುದು. ಶೋಚನೀಯವಾದ ಸಂಗತಿಯೆಂದರೆ, ಸ್ವತಂತ್ರ ಭಾರತದ ಸರ್ಕಾರಿ ಬಡಾವಣೆಗಳಲ್ಲಿ ಎಷ್ಟೋ ಆ ಹಳೆಯ ಗೆರೆಯನ್ನು ಇನ್ನಷ್ಟು ಉದ್ದ ಎಳೆದುವು. ಈ ಸೀಮೆಯ ಒಂದು ಗ್ರಾಮದಲ್ಲಿ ನಾನು ಅಂಥ ಕಾಲೊನಿಯೊಂದನ್ನು ನೋಡಿದ್ದೇನೆ. ಹಿಂದೆ ಕೆರೆಯ ಕೋಡಿಯ ನೀರು ಹರಿಯುತ್ತಿದ್ದ ತಗ್ಗು, ಸಾಲಾಗಿ ಮನೆಗಳು, ಪ್ರತಿಯೊಂದು ಬಾಗಿಲಿಗೂ ಹೊಸ್ತಿಲ ಮೇಲೆ ಒಂದು ಮೊಳದಷ್ಟು ಸಿಮೆಂಟಿನ ಅಡ್ಡಗಟ್ಟೆ. ಇದೇಕೆಂದು ಕೇಳಿದಾಗ ಒಬ್ಬ ಮುದುಕಿ, ಮಳೆ ಬಂದಾಗ ನೀರು ಒಳಗೆ ಬರದ ಹಾಗೆ, ಎಂದಳು. ದೂರುವ ಧ್ವನಿಯೂ ಅದರಲ್ಲಿರಲಿಲ್ಲ. ಆ ಅಡ್ಡಗಟ್ಟೆಯನ್ನು ದಿನಕ್ಕೆ ಎಷ್ಟು ಸಲ ಅವಳು ಮೊಣಕಾಲು ಹಿಡಿದುಕೊಂಡು ದಾಟುತ್ತಾಳೋ, ಅಷ್ಟು ಸಲ ನಾವು ಮಾಡಿದ ಸ್ಥಳನಿರ್ಣಯದ ಶಿಕ್ಷೆಯನ್ನು ಅವಳು ಅನುಭವಿಸುತ್ತಾಳೆ. ಹೊಸ ಐದು ಎಕರೆಯಲ್ಲಿ ನಿವೇಶನಗಳನ್ನು ಚೀಟಿ ಎತ್ತಿ ಹಂಚಬೇಕು; ಎಲ್ಲ ಜಾತಿಯವರ ಬಾಗಿಲುಗಳೂ ಒಂದೇ ಬೀದಿಗೆ ತೆರೆಯಬೇಕು. ಹಿರಿಯರ ವಿವೇಕವನ್ನು ನಾವು ಉಳಿಸಿಕೊಳ್ಳಬೇಕಾದುದು ನೀರು ನೆಲಗಳ ವಿಷಯದಲ್ಲಿ. ಕೇರಿಯ ವಿಷಯದಲ್ಲಿ ಅವರನ್ನು ತಿದ್ದುವುದೇ ನಮ್ಮ ಕರ್ತವ್ಯ.

ಈ ವಾದಕ್ಕೆ ಬರತಕ್ಕ ಆಕ್ಷೇಪಗಳನ್ನು ನಾನು ಬಲ್ಲೆ. ನನ್ನ ಹೊಲದಲ್ಲಿ ನಾನು ಮನೆ ಕಟ್ಟಲು ಊರಿನ ಅಪ್ಪಣೆಯೇಕೆ ಎಂದು ರೈತನು ಕೇಳಬಹುದು. ಕೃಷಿಕನಿಗೆ ಅವನ ಹೊಲದಲ್ಲಿ ಬೇಸಾಯಕ್ಕೆ ಬೇಕಾದ ಮನೆಯನ್ನು ಯಾರೂ ತಡೆಯಬೇಕಾಗಿಲ್ಲ. ನಾನು ಹೇಳುತ್ತಿರುವುದು ಸಮೂಹವಾಗಿ ಏಳುವ ಮನೆಗಳ ಮಾತು. ಎರಡನೆಯ ಆಕ್ಷೇಪ ಇನ್ನೂ ಗಹನವಾದುದು. ನಕ್ಷೆಯಲ್ಲಿ ಒಬ್ಬನ ಹೊಲಕ್ಕೆ ಹಳದಿ ಬಳಿದು ಇನ್ನೊಬ್ಬನ ಹೊಲಕ್ಕೆ ಬಳಿಯದಿದ್ದರೆ, ಒಬ್ಬನಿಗೆ ರಾತ್ರೋರಾತ್ರಿ ಸಂಪತ್ತು, ಇನ್ನೊಬ್ಬನಿಗೆ ನಿರಾಶೆ. ಹಾಗಾಗಿ ಬಣ್ಣ ಬಳಿಯುವ ಕುಂಚವನ್ನು ಬಲಿಷ್ಠರು ಹಿಡಿದುಕೊಳ್ಳುತ್ತಾರೆ. ಇದು ನಿಜವಾದ ಭಯ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ಅವಕಾಶವಾದ ಮೇಲೆ ಅದು ಹೆಚ್ಚಿದೆ. ಆದರೆ ನಕ್ಷೆಯಿಲ್ಲದಿದ್ದರೆ ಬಲಿಷ್ಠರು ಸುಮ್ಮನಿರುವರೆ? ಆಗ ಅವರು ಕತ್ತಲಲ್ಲಿ ನಿರ್ಣಯಿಸುತ್ತಾರೆ. ನಕ್ಷೆಯಿದ್ದರೆ ಬೆಳಕಿನಲ್ಲಿ ನಿರ್ಣಯಿಸಬೇಕಾಗುತ್ತದೆ. ಇಂಥ ನೆಲವನ್ನು ಇಂಥ ಕಾರಣದಿಂದ ಆರಿಸಿದೆವು, ಇಂಥದನ್ನು ಇಂಥ ಕಾರಣದಿಂದ ಬಿಟ್ಟೆವು ಎಂದು ಗ್ರಾಮಸಭೆಯ ನಡಾವಳಿಯಲ್ಲಿ ಬರೆದು, ಪಂಚಾಯಿತಿಯ ಗೋಡೆಯ ಮೇಲೆ ನಕ್ಷೆಯನ್ನು ತೂಗುಹಾಕಿದರೆ, ಆಕ್ಷೇಪಿಸುವವನಿಗೆ ಬೆರಳಿಟ್ಟು ತೋರಿಸಲು ಒಂದು ಗುರಿ ದೊರೆಯುತ್ತದೆ.

ಗ್ರಾಮಸಭೆಯ ಕರೆಯೋಲೆಯಲ್ಲಿ ವಸತಿಯ ವಿಷಯ ಬಂದಾಗ ಜನ ತುಂಬುತ್ತಾರೆ. ಪಟ್ಟಿ ಓದಿ ಮುಗಿಯುತ್ತಲೇ ಚದರುತ್ತಾರೆ. ಮುಂದಿನ ಸಲ ಪಟ್ಟಿಯನ್ನು ಓದುವುದಕ್ಕೆ ಮುಂಚೆ, ಪಂಚಾಯಿತಿಯ ಅಂಗಳದಲ್ಲಿ ಗ್ರಾಮನಕ್ಷೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಡಲಿ. ಹೊಳೆ ಎಲ್ಲಿಯವರೆಗೆ ಬಂದಿತ್ತೆಂದು ತೋರಿಸಲು ಮೊದಲು ಯಾರನ್ನಾದರೂ ಕರೆಯುವುದಾದರೆ, ಆ ಮುದುಕಿಯಂಥ ಒಬ್ಬಳನ್ನು ಕರೆಯಲಿ. ಅವಳು ಬೆರಳಿಟ್ಟ ಕಡೆ ಒಂದು ಗೆರೆ ಎಳೆದು, ಅದರ ದಿನಾಂಕವನ್ನು ಬರೆದಿಡಲಿ. ಹೊಸ್ತಿಲಿಗೆ ಅಡ್ಡಗಟ್ಟೆ ಬೇಡದ ಮನೆಗಳು ಆ ಗೆರೆಯ ಆಚೆಯಿಂದ ಆರಂಭವಾಗಲಿ.